ತೊಡೆಯ ತಗ್ಗುಗಳ ತಪ್ಪು ಲೆಕ್ಕ

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ: ಚೆನ್ನೈ–ಕೋಲ್ಕತ್ತ ನಡುವಿನ 16, ಮಚಲೀಪಟ್ಟಣದಿಂದ ಹೊರಟು ಹೈದರಾಬಾದ್ ದಾಟಿ ನಮ್ಮ ಹುಮನಾಬಾದ್, ಬಸವಕಲ್ಯಾಣಗಳ ಮೇಲೆ ಹಾದು ಪುಣೆ ಸೇರುವ 65. ಮೇಲ್ಸೇತುವೆ ಬಂದ ಮೇಲೂ ಅಡಿಯಲ್ಲಿ ಗಾಡಿಗಳು ನಿಲ್ಲುವುದು ತಪ್ಪಿಲ್ಲ. ನಿಂತವರ ಕಣ್ಣಿಗೆ ಬೀಳುವಂತೆ ಒಡವೆ ಅಂಗಡಿ, ಕೋಚಿಂಗ್ ಸೆಂಟರ್, ಆಸ್ಪತ್ರೆಗಳ ಬೋರ್ಡುಗಳ ಜತೆ ಮೈ ಇಳಿಸುವ, ಚರ್ಮ ತಿದ್ದುವ ಕ್ಲಿನಿಕ್ಕುಗಳ ಬೋರ್ಡುಗಳೂ ಇವೆ. ವಿಶಾಖಪಟ್ಟಣದಲ್ಲೂ ಇಂಥವೇ, ಬಳ್ಳಾರಿಯಲ್ಲೂ ಇಂಥವೇ, ಬೆಂಗಳೂರಿನ ಜಯನಗರದಲ್ಲಂತೂ ಕೇಳುವುದೇ ಬೇಡ. ಈ ಉದ್ಯಮ ಮಾರುವ ಸೇವೆಗಳಲ್ಲಿ ‘ಸೆಲ್ಯುಲೈಟ್’ ನಿವಾರಣೆಯೂ ಒಂದು. ತೊಡೆಯ ಹಿಂಭಾಗ, ನಿತಂಬ, ಕೆಲವೊಮ್ಮೆ ಕೆಳಹೊಟ್ಟೆಯ ಚರ್ಮ ನುಣ್ಣಗಿರದೆ ಅಲ್ಲಲ್ಲಿ ತಗ್ಗು ಬಿದ್ದಂತೆ ಕಾಣುವುದಕ್ಕೆ ಈ ಹೆಸರು. ಕ್ಲಿನಿಕ್ಕುಗಳ ವ್ಯಾಪಾರದ ಮಾತು ಆಮೇಲೆ ಬರಲಿ. ಅವು ಬಾಗಿಲು ತೆರೆಯುವ ಮೊದಲೇ ನಮ್ಮ ತಲೆಯಲ್ಲಿ ಬೇರುಬಿಟ್ಟಿರುವ ಒಂದು ತಪ್ಪು ಲೆಕ್ಕವಿದೆ. ಅವುಗಳ ವ್ಯಾಪಾರ ನಡೆಯುವುದೇ ಆ ಲೆಕ್ಕದ ಮೇಲೆ.

ಆ ನಂಬಿಕೆಗೆ ಮೊದಲು ನ್ಯಾಯ ಸಲ್ಲಿಸೋಣ. ಅದು ಹೇಳುವುದು ಇಷ್ಟು: ತಿನ್ನುವುದು ಹೆಚ್ಚಾಯಿತು, ಓಡಾಟ ಕಡಿಮೆಯಾಯಿತು, ಕೂತಲ್ಲೇ ಕೂತು ಕಾಲಿನ ರಕ್ತಸಂಚಾರ ಕುಂದಿತು, ಮೈಯೊಳಗಿನ ಕಲ್ಮಶ ಹೊರಹೋಗದೆ ಕೊಬ್ಬಿನಲ್ಲಿ ಸೇರಿಕೊಂಡಿತು, ಹಾಗೆ ಕೆಟ್ಟ ಕೊಬ್ಬು ಗಂಟುಗಂಟಾಗಿ ಚರ್ಮದಡಿ ನಿಂತಿತು. ಆದ್ದರಿಂದ ಇದು ದಪ್ಪಗಿರುವವರ, ಮೈಬಗ್ಗಿಸದವರ, ಹೆತ್ತ ಮೇಲೆ ದೇಹದ ಕಡೆ ಗಮನ ಕೊಡದವರ ತೊಂದರೆ. ಕೊಬ್ಬು ಕರಗಿಸಿ, ಕಲ್ಮಶ ಇಳಿಸಿ, ರಕ್ತ ಓಡಾಡಿಸಿದರೆ ಹೋಗುತ್ತದೆ. ಇದರ ಹಿಂದೆ ಕಣ್ಣಾರೆ ಕಂಡ ಅನುಭವವೂ ಇದೆ. ತೂಕ ಏರಿದಾಗ ತಗ್ಗುಗಳು ಎದ್ದು ಕಾಣುತ್ತವೆ. ‘ಮದುವೆಗೆ ಮುಂಚೆ ಇರಲಿಲ್ಲ, ಎರಡು ಹೆರಿಗೆ ಆದಮೇಲೆ ಬಂತು’ ಎನ್ನುವ ಹೆಂಗಸು ಸುಳ್ಳು ಹೇಳುತ್ತಿಲ್ಲ. ಕಂಡದ್ದು ನಿಜ, ಕಂಡದ್ದಕ್ಕೆ ಕೊಟ್ಟ ಕಾರಣ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಎಂದು ತಿಳಿಯಲು ದೊಡ್ಡ ವೈದ್ಯಶಾಸ್ತ್ರವೇನೂ ಬೇಡ. ಯಾವ ವಿವರಣೆಯಾದರೂ ಎದುರಿಸಲೇಬೇಕಾದ ನಾಲ್ಕು ಸಂಗತಿಗಳನ್ನು ಮುಂದಿಟ್ಟುಕೊಂಡರೆ ಸಾಕು.

1. ಹರೆಯ ದಾಟಿದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆಂದು ಚರ್ಮವೈದ್ಯರ ಅಂದಾಜು. ಗಂಡಸರಲ್ಲಿ ಬಲು ಅಪರೂಪ.

2. ಮೈನೆರೆಯುವ ಮುನ್ನ ಹುಡುಗಿಯರಲ್ಲಿ ಇದು ಕಾಣಿಸುವುದಿಲ್ಲ.

3. ತೆಳ್ಳಗಿರುವ ಹೆಂಗಸಿಗೂ ಇದೆ, ದಿನಾ ಓಡುವವಳಿಗೂ ಇದೆ. ಅಂಗಿಯ ಗುಂಡಿ ಕಿತ್ತುಬರುವಂಥ ಹೊಟ್ಟೆಯ ಗಂಡಸಿನ ತೊಡೆಯಲ್ಲಿ ಸಾಮಾನ್ಯವಾಗಿ ಇಲ್ಲ.

4. ಗಂಡಸರಲ್ಲಿ ಕಂಡಾಗ, ಅದು ಹೆಚ್ಚಾಗಿ ಪುರುಷ ಹಾರ್ಮೋನಿನ ಕೊರತೆ ಇರುವವರಲ್ಲಿ, ಇಲ್ಲವೇ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಿನ ಚಿಕಿತ್ಸೆ ಪಡೆದವರಲ್ಲಿ.

ಈಗ ಚಾಲ್ತಿಯ ನಂಬಿಕೆಯನ್ನು ಇವುಗಳ ಎದುರು ನಿಲ್ಲಿಸಿ ನೋಡಿ. ಕಲ್ಮಶವೇ ಕಾರಣವಾದರೆ ಗಂಡಸಿನ ಮೈಯಲ್ಲಿ ಕಲ್ಮಶ ಇಲ್ಲವೇ? ಬೀಡಿ, ಸಿಗರೇಟು, ಹೆಂಡದ ಲೆಕ್ಕ ತೆಗೆದರೆ ಈ ದೇಶದಲ್ಲಿ ಮೊದಲು ತಗ್ಗು ಬೀಳಬೇಕಾದದ್ದು ಗಂಡಸರ ತೊಡೆಯಲ್ಲೇ. ಕೂತು ಕೆಲಸ ಮಾಡುವುದೇ ಕಾರಣವಾದರೆ ಕಚೇರಿಗಳ ಗುಮಾಸ್ತರು, ಲಾರಿ ಓಡಿಸುವವರು, ಗಲ್ಲಾಪೆಟ್ಟಿಗೆಯ ಹಿಂದೆ ಬೆಳಗಿನಿಂದ ರಾತ್ರಿವರೆಗೆ ಕೂರುವ ಶೇಟುಗಳು ಹೇಗೆ ತಪ್ಪಿಸಿಕೊಂಡರು? ಬೊಜ್ಜೇ ಕಾರಣವಾದರೆ ಮೂರನೆಯ ಸಂಗತಿಯ ಎರಡೂ ತುದಿಗಳು ಅಡ್ಡ ಬರುತ್ತವೆ. ಇಲ್ಲಿ ತರ್ಕದ ಒಂದು ಸರಳ ನಿಯಮವಿದೆ: ಒಬ್ಬರಿಂದ ಒಬ್ಬರಿಗೆ ಬದಲಾಗುವ ಸಂಗತಿಯಿಂದ, ಹೆಚ್ಚುಕಡಿಮೆ ಎಲ್ಲರಲ್ಲೂ ಇರುವ ಸಂಗತಿಯನ್ನು ವಿವರಿಸಲು ಬರುವುದಿಲ್ಲ. ಊಟ, ಓಡಾಟ, ಶಿಸ್ತು, ಸೋಮಾರಿತನ ಇವೆಲ್ಲ ಮನೆಮನೆಗೆ ಬೇರೆ. ಹೊಲದಲ್ಲಿ ಕಳೆ ಕೀಳುವವಳಿಗೂ ಬ್ಯಾಂಕಿನಲ್ಲಿ ಕೂರುವವಳಿಗೂ ಸಮಾನವಾಗಿ ಇರುವ ಒಂದನ್ನು ಅವರ ದಿನಚರಿಯಲ್ಲಿ ಹುಡುಕುವುದು ಹುಡುಕಬಾರದ ಜಾಗದಲ್ಲಿ ಹುಡುಕಿದಂತೆ. ಇಬ್ಬರಿಗೂ ಸಮಾನವಾದದ್ದು ಅವರು ಹೆಣ್ಣು ಎಂಬುದು. ಗಂಡಿಗಿಲ್ಲದ ಏನೋ ಒಂದು ಅಲ್ಲಿದೆ, ಅದು ಹರೆಯದಲ್ಲಿ ಶುರುವಾಗುತ್ತದೆ.

ಕೊಬ್ಬೇ ಕೆಟ್ಟಿದೆ, ರಕ್ತ ಓಡುತ್ತಿಲ್ಲ ಎಂಬ ಮಾತನ್ನು ನೇರವಾಗಿಯೇ ಪರೀಕ್ಷಿಸಿದವರಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತಗ್ಗು ಇರುವ ಜಾಗದ ಕೊಬ್ಬನ್ನೂ ಇಲ್ಲದ ಜಾಗದ ಕೊಬ್ಬನ್ನೂ ಹೋಲಿಸಿತು. ಕೊಬ್ಬಿನ ಜೀವಕೋಶಗಳ ರೂಪದಲ್ಲಿ, ಅವು ಕರಗುವ ರೀತಿಯಲ್ಲಿ, ಅಲ್ಲಿನ ರಕ್ತದ ಹರಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಸಿಕ್ಕಿದ್ದು ಕೊಬ್ಬನ್ನು ಹಿಡಿದಿರುವ ನಾರಿನ ಕಟ್ಟಡದಲ್ಲಿ. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಸೂಕ್ಷ್ಮ ರಕ್ತನಾಳಗಳ ದೋಷವನ್ನೋ ಉರಿಯೂತವನ್ನೋ ಕಾರಣಗಳ ಸಾಲಿನಲ್ಲಿ ಸೇರಿಸುವ ವೈದ್ಯರು ಈಗಲೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಅಲ್ಪಸ್ವಲ್ಪ ಪಾತ್ರ ಅವುಗಳಿಗೂ ಇರಬಹುದು. ಆದರೆ ‘ಕಲ್ಮಶ’ದ ಕತೆಗೆ ಅಷ್ಟು ಮರ್ಯಾದೆಯೂ ಸಲ್ಲದು. ಮೈಯ ಕಸ ಹೊರಹಾಕಲು ಮೂತ್ರಪಿಂಡ, ಯಕೃತ್ತು ಎಂಬ ಎರಡು ಅಂಗಗಳು ಹಗಲಿರುಳು ದುಡಿಯುತ್ತವೆ. ಅವು ಸೋತರೆ ತೊಡೆಯ ಚರ್ಮ ತಗ್ಗಾಗುವುದಿಲ್ಲ, ಡಯಾಲಿಸಿಸ್ ಕೊಠಡಿಗೆ ಹೋಗಬೇಕಾಗುತ್ತದೆ. ‘ಕಲ್ಮಶ’ ಎನ್ನುವವರನ್ನು ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಯಾವ ಲ್ಯಾಬಿನ ವರದಿ ಎಂದು ಕೇಳಿ ನೋಡಿ. ಮಾತು ಬೇರೆ ಕಡೆ ತಿರುಗುತ್ತದೆ.

ಹಾಗಾದರೆ ಒಳಗೆ ಏನಿದೆ? ಚರ್ಮದ ಕೆಳಗೆ ಕೊಬ್ಬು ರಾಶಿಯಾಗಿ ಬಿದ್ದಿರುವುದಿಲ್ಲ, ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿರುತ್ತದೆ. ಕೋಣೆಗಳ ಗೋಡೆಗಳು ಕೊಲಾಜೆನ್ ನಾರಿನ ಪಟ್ಟಿಗಳು. ಮೇಲೆ ಒಳಚರ್ಮಕ್ಕೂ ಕೆಳಗೆ ಸ್ನಾಯುವಿನ ಹೊದಿಕೆಗೂ ಇವು ಅಂಟಿಕೊಂಡಿವೆ. ಜರ್ಮನಿಯ ನ್ಯೂರ್ನ್‌ಬೆರ್ಗರ್ ಮತ್ತು ಮ್ಯೂಲರ್ ಎಂಬ ವೈದ್ಯರು 1978ರಲ್ಲಿ ತೋರಿಸಿದ್ದು ಇದನ್ನು: ಹೆಂಗಸರಲ್ಲಿ ಈ ಪಟ್ಟಿಗಳು ಹೆಚ್ಚಾಗಿ ಚರ್ಮಕ್ಕೆ ನೆಟ್ಟಗೆ ನಿಂತಿರುತ್ತವೆ, ಕೋಣೆಗಳು ಉದ್ದುದ್ದ, ಗಂಡಸರಲ್ಲಿ ಪಟ್ಟಿಗಳು ಓರೆಯಾಗಿ ಒಂದನ್ನೊಂದು ಹಾಯುತ್ತವೆ, ಕೋಣೆಗಳು ಚಿಕ್ಕವು, ಮೇಲಿನ ಚರ್ಮವೂ ದಪ್ಪ. ಹೊಲಿಗೆ ಹಾಕಿದ ಹತ್ತಿ ಹಾಸಿಗೆಯಲ್ಲಿ ದಾರ ಎಳೆದು ಹಿಡಿದ ಕಡೆ ತಗ್ಗು, ನಡುವೆ ಉಬ್ಬು ಬರುತ್ತದಲ್ಲ, ಹೆಂಗಸಿನ ತೊಡೆಯಲ್ಲಿ ಆಗುವುದೂ ಅದೇ: ಪಟ್ಟಿ ಚರ್ಮವನ್ನು ಕೆಳಕ್ಕೆ ಜಗ್ಗುತ್ತದೆ, ಕೊಬ್ಬು ಮೇಲಕ್ಕೆ ಒತ್ತುತ್ತದೆ. ಗಂಡಸಿನಲ್ಲಿ ಓರೆ ಹೆಣಿಗೆ ಆ ಒತ್ತಡವನ್ನು ಅಡ್ಡಡ್ಡ ಹಂಚಿಬಿಡುತ್ತದೆ. ಪುರುಷ ಹಾರ್ಮೋನಿನ ಕೊರತೆ ಇರುವ ಗಂಡಸರಲ್ಲಿ ಹೆಂಗಸರ ಮಾದರಿಯೇ ಕಾಣುತ್ತದೆಂಬುದನ್ನೂ ಅದೇ ವೈದ್ಯರು ಗಮನಿಸಿದರು. ನಾಲ್ಕನೆಯ ಸಂಗತಿಯ ಗಂಟು ಅಲ್ಲಿಗೆ ಬಿಚ್ಚಿತು. ನೆಟ್ಟಗೆ–ಓರೆ ಎಂಬ ಚಿತ್ರ ತುಸು ಅತಿಸರಳವಾಯಿತೆಂದು ಮುಂದಿನ ಎಂಆರ್‌ಐ ಅಧ್ಯಯನಗಳು ತಿದ್ದಿದವು, ಒಳಗಿನ ಹೆಣಿಗೆ ಚಿತ್ರದಲ್ಲಿರುವಷ್ಟು ಅಚ್ಚುಕಟ್ಟಲ್ಲ. ಆದರೆ ಮೂಲ ಮಾತು ಉಳಿಯಿತು: 2009ರಲ್ಲಿ ಬ್ರೆಜಿಲ್‌ನ ಡೋರಿಸ್ ಹೆಕ್ಸೆಲ್ ಮತ್ತು ಸಂಗಡಿಗರು ತಗ್ಗುಗಳನ್ನು ಎಂಆರ್‌ಐಯಲ್ಲಿ ನೋಡಿದಾಗ ನೂರಕ್ಕೆ 96ಕ್ಕೂ ಹೆಚ್ಚು ತಗ್ಗುಗಳ ನೇರ ಕೆಳಗೆ ನಾರಿನ ಪಟ್ಟಿ ಸಿಕ್ಕಿತು.

ಇಷ್ಟಾದ ಮೇಲೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ತೂಕ ಇಳಿಸಿದಾಗ ತಗ್ಗು ಕಡಿಮೆಯಾಗುವುದಿಲ್ಲವೇ? ಆಗುತ್ತದೆ, ಹಲವರಲ್ಲಿ. ಇಲ್ಲಿ ಎರಡು ಪ್ರಶ್ನೆಗಳು ಕಲೆಸಿಹೋಗಿವೆ, ಗೊಂದಲದ ಬೇರು ಇಲ್ಲೇ ಇದೆ. ‘ಇದು ಯಾಕೆ ಇದೆ’ ಎಂಬುದು ಒಂದು ಪ್ರಶ್ನೆ. ‘ಇದು ಎಷ್ಟು ಎದ್ದು ಕಾಣುತ್ತದೆ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೆಣ್ಣುದೇಹದ ರಚನೆ, ಅದನ್ನು ಹರೆಯದಲ್ಲಿ ರೂಪಿಸುವ ಈಸ್ಟ್ರೊಜೆನ್. ಎರಡನೆಯದಕ್ಕೆ ಉತ್ತರ ಹಲವು: ಕೋಣೆಯಲ್ಲಿ ಕೊಬ್ಬು ಎಷ್ಟು ಬಿಗಿದಿದೆ, ಮೇಲಿನ ಚರ್ಮ ಎಷ್ಟು ತೆಳುವಾಗಿದೆ, ಸ್ನಾಯು ಎಷ್ಟು ಗಟ್ಟಿ, ವಯಸ್ಸೆಷ್ಟು, ಅಮ್ಮನಿಗೆ ಅಜ್ಜಿಗೆ ಹೇಗಿತ್ತು. ವಂಶದ ಪಾಲು ಸಣ್ಣದಲ್ಲ. ವಯಸ್ಸಾದಂತೆ ಕೊಲಾಜೆನ್ ಕುಂದಿ ಒಳಚರ್ಮ ತೆಳುವಾಗುತ್ತದೆ, ಮೊದಲೇ ಇದ್ದ ಏರುತಗ್ಗು ಹೊರಗೆ ಕಾಣತೊಡಗುತ್ತದೆ; ಬಸುರು, ಬಾಣಂತನಗಳಲ್ಲಿ ಹಾರ್ಮೋನು, ನೀರು, ತೂಕ ಮೂರೂ ಏರಿಳಿಯುತ್ತವೆ. ಎರಡು ಹೆರಿಗೆಯ ಮಾತಾಡಿದ ಹೆಂಗಸಿಗೆ ಹೇಳಬೇಕಾದದ್ದು ಇದು: ಬಂದದ್ದಲ್ಲಮ್ಮ, ಕಂಡದ್ದು. ತೂಕದ ವಿಷಯದಲ್ಲಿ 2006ರ ಒಂದು ಅಧ್ಯಯನ ಚೆನ್ನಾಗಿ ಎಚ್ಚರಿಸುತ್ತದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ತೂಕ ಇಳಿಸಿಕೊಂಡ ಹೆಂಗಸರಲ್ಲಿ ಹೆಚ್ಚಿನವರಿಗೆ ತಗ್ಗು ಕಡಿಮೆಯಾಯಿತು, ಕೆಲವರಿಗೆ ಹೆಚ್ಚಾಯಿತು! ಕೊಬ್ಬು ಇಳಿದು ಚರ್ಮ ಸಡಿಲಾದರೆ ಹಾಗಾಗುತ್ತದೆ. ಕೊಬ್ಬೇ ಮೂಲಕಾರಣವಾಗಿದ್ದರೆ ಈ ಕೆಲವರು ಲೆಕ್ಕಕ್ಕೆ ಸಿಗುತ್ತಲೇ ಇರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಚುರುಕು: ಬಹುಪಾಲು ಜನರಿಗೆ ಇದೆ ಎಂದ ಮಾತ್ರಕ್ಕೆ ಅದು ಸಹಜ, ರೋಗವಲ್ಲ ಎನ್ನಲಾದೀತೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆಂಧ್ರದಲ್ಲೂ ಅರ್ಧಕ್ಕಿಂತ ಹೆಚ್ಚು. ಅದನ್ನು ಸಹಜ ಎಂದು ಬಿಡುತ್ತೇವೆಯೇ? ಬಿಡುವುದಿಲ್ಲ, ಬಿಡಲೂಬಾರದು. ಆಕ್ಷೇಪ ಸರಿಯಾಗಿದೆ: ಸಂಖ್ಯೆಯೊಂದರಿಂದಲೇ ಯಾವುದೂ ಸಹಜವಾಗುವುದಿಲ್ಲ. ರೋಗವೆನ್ನಲು ಬೇಕಾದದ್ದು ಹಾನಿ. ರಕ್ತಹೀನತೆ ಸುಸ್ತು ತರುತ್ತದೆ, ಹೆರಿಗೆಯಲ್ಲಿ ಜೀವಕ್ಕೆ ಎರವಾಗುತ್ತದೆ, ಹುಟ್ಟುವ ಕೂಸಿನ ತೂಕ ಇಳಿಸುತ್ತದೆ. ಸೆಲ್ಯುಲೈಟ್‌ನಿಂದ ನೋವಿಲ್ಲ, ಸುಸ್ತಿಲ್ಲ, ಅದು ಬೇರೊಂದು ರೋಗವಾಗಿ ಬೆಳೆಯುವುದೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಲು ಕೆಂಪಾಗಿ, ಬಿಸಿಯಾಗಿ, ಊದಿ, ನೋವು ಜ್ವರ ಬಂದರೆ ಅದು ಸೆಲ್ಯುಲೈಟಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಹೆಸರು ಹತ್ತಿರ, ಕಾಯಿಲೆ ಬೇರೆಯೇ. ಆನೆಕಾಲು ರೋಗ ಕಾಡಿದ ಆಂಧ್ರ ಕರಾವಳಿಯಲ್ಲಿ ಊದಿದ ಕಾಲಿಗೆ ಪದೇ ಪದೇ ತಗಲುವಂಥದ್ದು. ಎರಡೂ ಕಾಲು ಸೊಂಟದಿಂದ ಹರಡಿನವರೆಗೆ ಒಂದೇ ಸಮ ದಪ್ಪವಾಗಿ, ಮುಟ್ಟಿದರೆ ನೋಯುತ್ತ, ಪಾದ ಮಾತ್ರ ತೆಳ್ಳಗಿದ್ದರೆ ಅದು ಲಿಪಿಡೀಮ ಇರಬಹುದು. ಇವೆರಡಕ್ಕೂ ಹೋಗಬೇಕಾದದ್ದು ಆಸ್ಪತ್ರೆಗೆ, ಮಸಾಜಿಗಲ್ಲ.

ಹಾನಿಯಿಲ್ಲದ, ಬಹುಪಾಲು ಹೆಂಗಸರಿಗೆ ಇರುವ ಒಂದು ಮೈಗುಣ ರೋಗದ ವೇಷ ತೊಟ್ಟಿದ್ದು ಯಾವಾಗ? ಈ ಹೆಸರು ಫ್ರೆಂಚ್ ವೈದ್ಯ ನಿಘಂಟಿನಲ್ಲಿ 1873ರಷ್ಟು ಹಿಂದೆಯೇ ಇದೆ, ಆದರೆ ಉರಿಯೂತದ ಅರ್ಥದಲ್ಲಿ. ತೊಡೆಯ ತಗ್ಗುಗಳಿಗೆ ಅಂಟಿಕೊಂಡಿದ್ದು 1920–30ರ ದಶಕಗಳಲ್ಲಿ, ಫ್ರಾನ್ಸಿನ ಲಂಗಗಳು ಗಿಡ್ಡವಾದ ಕಾಲದಲ್ಲಿ. ಅಲ್ಲಿನ ಸೌಂದರ್ಯ ಪತ್ರಿಕೆಗಳು ಅದನ್ನು ಹರಡಿದವು. ಅಮೆರಿಕದ ‘ವೋಗ್’ ಪತ್ರಿಕೆ ಅದನ್ನು ಮುಖಪುಟಕ್ಕೆ ತಂದದ್ದು 1968ರ ಏಪ್ರಿಲ್‌ನಲ್ಲಿ, ಮಿನಿಸ್ಕರ್ಟಿನ ದಿನಗಳಲ್ಲಿ. 1978ರ ಜರ್ಮನ್ ವೈದ್ಯರ ಪ್ರಬಂಧದ ಶೀರ್ಷಿಕೆಯೇ ಇದನ್ನು ‘ಹುಟ್ಟುಹಾಕಿದ ಕಾಯಿಲೆ’ ಎಂದು ಕರೆಯಿತು. ತಗ್ಗು ಮಾತ್ರ ಹೊಸದಲ್ಲ. 1630ರ ದಶಕದಲ್ಲಿ ರೂಬೆನ್ಸ್ ಬರೆದ, ಈಗ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿರುವ ‘ಮೂವರು ದೇವತೆಯರು’ ಚಿತ್ರದಲ್ಲಿ ತೊಡೆ, ನಿತಂಬಗಳ ಏರುತಗ್ಗು ಯಾವ ಸಂಕೋಚವೂ ಇಲ್ಲದೆ ಕಾಣುತ್ತದೆ. ಅದು ಅಂದಿನ ಚೆಲುವು. (ನಮ್ಮ ಬೇಲೂರಿನ ಮದನಿಕೆಯರ ಮೈ ನುಣುಪು ಎನ್ನುವಿರಾದರೆ, ಕಲ್ಲಿಗೆ ಈಸ್ಟ್ರೊಜೆನ್ ಇಲ್ಲ.) ನಮ್ಮಲ್ಲಿ ಸೀರೆ, ಲಂಗ ದಾವಣಿಗಳ ಕಾಲದಲ್ಲಿ ತೊಡೆಯ ಹಿಂಭಾಗವನ್ನು ಸ್ವತಃ ಆ ಹೆಂಗಸೇ ನೋಡಿಕೊಂಡಿರುತ್ತಿರಲಿಲ್ಲ. ಉಡುಪು ಬದಲಾದದ್ದು ತಪ್ಪೆಂದು ನನ್ನ ಮಾತಿನ ಅರ್ಥವಲ್ಲ, ಯಾರಿಗೆ ಯಾವುದು ಹಿತವೋ ಅದನ್ನು ಉಡಲಿ. ದೇಹ ಇದ್ದ ಹಾಗೇ ಇದೆ, ನೋಟ ಬದಲಾಯಿತು ಎಂಬುದಷ್ಟೇ ಇಲ್ಲಿ ತರ್ಕಕ್ಕೆ ಬೇಕಾದ ಮಾತು.

ಈಗ ಚಿಕಿತ್ಸೆಗೆ ಬರೋಣ. ಕೌನ್ಸೆಲಿಂಗ್ ಕೊಠಡಿಯಲ್ಲಿ ಮೊದಲು ನಡೆಯುವುದು ಚಿವುಟುವ ಪರೀಕ್ಷೆ. ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ‘ನೋಡಿ ಮೇಡಂ, ಶುರುವಾಗಿದೆ’ ಎನ್ನುತ್ತಾರೆ. ಒತ್ತಿದಾಗ ಮಾತ್ರ ಕಾಣುವುದನ್ನು ಆ ಜರ್ಮನ್ ವೈದ್ಯರು ಒಂದನೆಯ ಮಟ್ಟ ಎಂದು ಗುರುತಿಸಿದ್ದರು. ಆ ಪರೀಕ್ಷೆಯಲ್ಲಿ ‘ಪಾಸ್’ ಆಗುವ ಹೆಂಗಸು ಸಿಗುವುದು ಕಷ್ಟ. ಆಮೇಲೆ ಟೇಪು, ಫೋಟೊ. ಟೇಪನ್ನು ಎರಡನೆಯ ಸಲ ತುಸು ಬಿಗಿಯಾಗಿ ಎಳೆದರೆ ಒಂದು ಸೆಂಟಿಮೀಟರು ಅಲ್ಲೇ ಮಾಯ. ಫೋಟೊದಲ್ಲಿ ಪಕ್ಕದಿಂದ ಬಿದ್ದ ಬೆಳಕು ಪ್ರತಿ ತಗ್ಗಿಗೂ ನೆರಳು ಕೊಡುತ್ತದೆ, ಎದುರಿನಿಂದ ಬಿದ್ದ ಬೆಳಕು ಅಳಿಸುತ್ತದೆ. ‘ಮೊದಲು–ಆಮೇಲೆ’ ಜೋಡಿಯಲ್ಲಿ ಬೆಳಕು ಎಲ್ಲಿಂದ ಬಂದಿದೆ ಎಂದು ನೋಡಿ. ಯಂತ್ರದ ಮಸಾಜು ಅಲ್ಲಿನ ನೀರನ್ನು ಅತ್ತಿತ್ತ ಸರಿಸುವುದರಿಂದ ಕೆಲಕಾಲ ಚರ್ಮ ನುಣ್ಣಗೆ ಕಾಣುತ್ತದೆ. ಕೆಫೀನ್, ರೆಟಿನಾಲ್ ಸೇರಿಸಿದ ಮುಲಾಮುಗಳ ಫಲ ಇದ್ದರೂ ಅಲ್ಪ, ಹಚ್ಚುವುದು ಬಿಟ್ಟರೆ ಅದೂ ಇಲ್ಲ. ಒಂದಿಷ್ಟು ಬಾಳಿಕೆ ಬರುವ ಫಲ ಕಂಡದ್ದು ನೇರವಾಗಿ ನಾರಿನ ಪಟ್ಟಿಗೆ ಕೈಹಾಕಿದ ವಿಧಾನಗಳಲ್ಲಿ: ಚರ್ಮದಡಿ ಸೂಜಿ ತೂರಿಸಿ ಪಟ್ಟಿ ಕತ್ತರಿಸುವ ಸಬ್‌ಸಿಷನ್ ಅಂಥದ್ದು. ಪಟ್ಟಿಯ ಕೊಲಾಜೆನ್ ಕರಗಿಸುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತ್ತು. ಚರ್ಮದ ಮೇಲೆ ಬಹುಕಾಲ ಉಳಿಯುವ ಬಣ್ಣಗೇಡಿನ ಕಾರಣ 2022ರ ಕೊನೆಗೆ ತಯಾರಕರೇ ಅದನ್ನು ನಿಲ್ಲಿಸಿದರು. ಚಿಕಿತ್ಸೆ ಫಲಿಸಿತು ಎಂಬುದರಿಂದ ಕಾರಣ ಸಾಬೀತಾಯಿತೆಂದು ನಾನು ವಾದಿಸುತ್ತಿಲ್ಲ. ಮಾತ್ರೆಗೆ ತಲೆನೋವು ಹೋದರೆ ಮಾತ್ರೆಯ ಕೊರತೆಯಿಂದ ತಲೆನೋವು ಬಂದಿತ್ತು ಎಂದಾಗುವುದಿಲ್ಲ. ಆದರೆ ಎಂಆರ್‌ಐ, ಅಂಗರಚನೆ, ಹಾರ್ಮೋನಿನ ಸಾಕ್ಷ್ಯಗಳ ಜತೆಗಿಟ್ಟಾಗ ಇದೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತದೆ.

ಈ ತಪ್ಪು ಲೆಕ್ಕದ ನಿಜವಾದ ನಷ್ಟ ಹಣದ್ದಲ್ಲ. ಅದು ಭಯವನ್ನು ತಪ್ಪು ಕೊಬ್ಬಿನ ಮೇಲೆ ಕೂರಿಸುತ್ತದೆ. ತೊಡೆ, ನಿತಂಬಗಳ ಕೊಬ್ಬು ಸಾಧುಪ್ರಾಣಿ. ಬಸುರು, ಹಾಲೂಡಿಕೆಗಳಿಗೆಂದು ದೇಹ ಕಟ್ಟಿಟ್ಟ ಬುತ್ತಿ ಅದು; ಅಲ್ಲಿ ಕೊಬ್ಬು ಸೇರುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಅಪಾಯ ತುಸು ಕಡಿಮೆಯೆಂದೇ ಅಧ್ಯಯನಗಳು ಹೇಳುತ್ತವೆ. ಕೊಲ್ಲುವುದು ಹೊಟ್ಟೆಯೊಳಗೆ ಅಂಗಗಳ ಸುತ್ತ ಸೇರುವ ಕೊಬ್ಬು, ಭಾರತೀಯರ ಮೈ ಆ ವಿಷಯದಲ್ಲಿ ಕುಖ್ಯಾತ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಜೋಡಿ ಫೋಟೊ ಪ್ರಕಟವಾಯಿತು: ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ಮೈಯಲ್ಲಿ ಶೇಕಡ 21.2. ತಕ್ಕಡಿಗೆ ತಿಳಿಯದ ಈ ಕೊಬ್ಬು ಸೊಂಟದ ಸುತ್ತಳತೆಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದಲೇ ಭಾರತೀಯರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ಎಂಬ ಕಟ್ಟುನಿಟ್ಟಿನ ಗಡಿ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ. ಇಪ್ಪತ್ತೈದರ ಹುಡುಗಿ ನಿರುಪದ್ರವಿ ತೊಡೆಗೆಂದು ಪ್ಯಾಕೇಜು ಕೊಳ್ಳುತ್ತಾಳೆ, ಅವಳನ್ನು ಸ್ಕೂಟರಿನಲ್ಲಿ ಕ್ಲಿನಿಕ್ಕಿಗೆ ಬಿಟ್ಟುಬಂದ ಗಂಡ 102 ಸೆಂಟಿಮೀಟರಿನ ಸೊಂಟ ಹೊತ್ತು ಹೊರಗೆ ಮಿರ್ಚಿ ಬಜ್ಜಿ ತಿನ್ನುತ್ತ ನಿಂತಿರುತ್ತಾನೆ. ಟೇಪು ಇಬ್ಬರಲ್ಲಿ ಯಾರಿಗೆ ಬೇಕಿತ್ತು?

ಕೊನೆಯದಾಗಿ, ಸ್ವಾತಂತ್ರ್ಯದ ಆಕ್ಷೇಪ. ನನ್ನ ಮೈ, ನನ್ನ ದುಡ್ಡು, ಚೆನ್ನಾಗಿ ಕಾಣಬೇಕೆಂಬ ಆಸೆ, ನಿಮಗೇನು? ಏನೂ ಇಲ್ಲ. ಹುಬ್ಬು ತೀಡಿಸುವ, ಕೂದಲಿಗೆ ಬಣ್ಣ ಹಚ್ಚುವ ಹಕ್ಕಿನಷ್ಟೇ ಇದೂ ಹಕ್ಕು. ಆದರೆ ‘ನಿನ್ನ ಸೋಮಾರಿತನದಿಂದ ಬಂದ ರೋಗ ಇದು, ನಾವು ಬೇರುಸಹಿತ ತೆಗೆಯುತ್ತೇವೆ’ ಎಂದು ನಂಬಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಹೀಗಾಗಿ ಪ್ಯಾಕೇಜಿಗೆ ಸಹಿ ಹಾಕುವ ಮುನ್ನ ಮೂರು ಮಾತನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಈ ಚಿಕಿತ್ಸೆ ಕೊಬ್ಬಿನ ಮೇಲೆ ಕೆಲಸ ಮಾಡುತ್ತದೋ ನಾರಿನ ಪಟ್ಟಿಯ ಮೇಲೋ, ಫಲ ಎಷ್ಟು ತಿಂಗಳು ಉಳಿಯುತ್ತದೆ, ಉಳಿಯದಿದ್ದರೆ ಹಣ ವಾಪಸಾಗುತ್ತದೆಯೇ. ಕಾನೂನಿನಲ್ಲಿ ಇರುವ ಆಸರೆ ಪೂರ್ತಿಯಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜು ಇದೆ, ಸೆಲ್ಯುಲೈಟ್ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾತ್ರ ದಾರಿತಪ್ಪಿಸುವ ಯಾವುದೇ ಜಾಹೀರಾತಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ.